ಬಾಯಿ ಬಿಟ್ಟರೆ ಬಣ್ಣಗೇಡು

ಆ ದೊಡ್ಡ ಅಂಗಡಿಯ ಗಾಜಿನ ಬಾಗಿಲು ದಾಟಿದ ಕೂಡಲೇ ಎಡಕ್ಕೆ ಲಿಪ್‌ಸ್ಟಿಕ್ ಕೌಂಟರು. ಅಲ್ಲಿ ನಿಲ್ಲುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದ್ದರೂ ಬಾಗಿಲು ಕಾಯುವವನಿಂದ ಹಿಡಿದು ಮ್ಯಾನೇಜರಿನವರೆಗೆ ಎಲ್ಲರ ಬಾಯಲ್ಲೂ ಅವಳು ರಂಗಿನಕ್ಕ. ಬಂದವರಿಗೆ ತೋರಿಸಲು ಒಂದೊಂದೇ ಬಣ್ಣವನ್ನು ಎಡಗೈಯ ಹಿಂಬದಿಗೆ ಎಳೆದು ಎಳೆದು, ಸಂಜೆಯ ಹೊತ್ತಿಗೆ ಅವಳ ಕೈ ಮಕ್ಕಳು ಗೀಚಿದ ಗೋಡೆಯಂತಾಗಿರುತ್ತಿತ್ತು. ಸಾಬೂನು ಹಾಕಿ ಉಜ್ಜಿದರೂ ಉಗುರಿನ ಸಂದಿಯಲ್ಲಿ ಒಂದಿಷ್ಟು ಕೆಂಪು ಉಳಿದೇ ಉಳಿಯುತ್ತಿತ್ತು. ಅದೇ ಕೈಯಲ್ಲಿ ಹಿಟ್ಟು ಕಲಸುವಾಗ ಗಂಡ ಇಣುಕಿ ನೋಡಿ, "ಬಣ್ಣಾನೂ ತಿನ್ನಿಸ್ತೀಯಾ?" ಎಂದು ಕೇಳುವುದಿತ್ತು.

ಇಷ್ಟು ವರ್ಷದ ಕೆಲಸದಲ್ಲಿ ಕೆಂಪು ಕೊಡಿ, ಗುಲಾಬಿ ಕೊಡಿ ಎಂದು ಕೇಳಿದವರನ್ನು ಅವಳು ಕಂಡದ್ದು ಅಪರೂಪ. ಜನ ಕೇಳುತ್ತಿದ್ದದ್ದು ಮುಖವನ್ನು. "ಅವಳು ಆ ಹಾಡಲ್ಲಿ ಹಾಕ್ಕೊಂಡಿದ್ದಳಲ್ಲ, ಅದು" ಎನ್ನುವರು. "ಮದುವೆ ಫೋಟೋದಲ್ಲಿ ಇವಳು ಹಚ್ಚಿದ್ದು" ಎನ್ನುವರು. ಒಂದು ವರ್ಷ ಹೆಸರಾಂತ ನಟಿಯೊಬ್ಬಳು, ತಾನು ಏನನ್ನೂ ಹಚ್ಚುವುದಿಲ್ಲ ಎಂದು ಎಲ್ಲೋ ಹೇಳಿಬಿಟ್ಟಳು. ಇನ್ನು ನಮ್ಮ ಹೊಟ್ಟೆಪಾಡಿಗೆ ಕಲ್ಲು ಬಿತ್ತು ಎಂದು ರಂಗಿನಕ್ಕ ಹೆದರಿದ್ದಳು. ಮರುವಾರವೇ ಹುಡುಗಿಯರು ಸಾಲುಗಟ್ಟಿ ಬಂದರು: "ಅಕ್ಕಾ, ಏನೂ ಹಚ್ಚಿಲ್ಲ ಅಂತ ಕಾಣೋ ಬಣ್ಣ ಯಾವುದಿದೆ?"

ಅವಳ ಸ್ವಂತ ತುಟಿಯ ಬಗ್ಗೆ ಹೇಳುವುದಾದರೆ, ಅದು ಸ್ವಲ್ಪ ಸೊಟ್ಟ. ಮೇಲ್ತುಟಿಯ ನಡುವೆ ಎಲ್ಲರಿಗೂ ಇರುವ ಎರಡು ಏರುಗಳಲ್ಲಿ ಎಡಗಡೆಯದು ಕೊಂಚ ಎತ್ತರ, ಬಲಗಡೆಯದು ತಗ್ಗು. ಕೆಳತುಟಿಯಲ್ಲಿ ಬಲಕ್ಕೆ ಸರಿದ ಒಂದು ಸಣ್ಣ ಗೀರು. ಬೆಳಿಗ್ಗೆ ಕೌಂಟರಿನ ಕನ್ನಡಿಯಲ್ಲಿ ಬಣ್ಣ ಹಚ್ಚುವಾಗ ಕೈ ತಾನಾಗಿ ಆ ಏರನ್ನು ಹತ್ತಿ ಇಳಿಯುತ್ತಿತ್ತು. ಅವಳು ಅದಕ್ಕೆ ಹೊಂದಿಕೊಂಡಿದ್ದಳು. ಹೊಂದಿಕೊಳ್ಳದವಳು ಮಗಳು. ಅಚ್ಚು ಹಾಕಿದಂತೆ ಅದೇ ತುಟಿ ಆ ಹುಡುಗಿಗೂ ಬಂದಿತ್ತು. ಶಾಲೆಯಲ್ಲಿ 'ಸೊಟ್ಟಬಾಯಿ' ಎಂದು ಕರೆಸಿಕೊಂಡವಳು, ಕಾಲೇಜು ಸೇರಿದ ಮೇಲೆ ತುಟಿ ಬರೆಯುವ ಪೆನ್ಸಿಲ್ ಹಿಡಿದು ಎಡವನ್ನು ತಗ್ಗಿಸಿ ಬಲವನ್ನು ಏರಿಸಿ ಸಮ ಮಾಡಿಕೊಳ್ಳದೆ ಹೊಸ್ತಿಲು ದಾಟುತ್ತಿರಲಿಲ್ಲ.

"ಕೊಡೋದು ಕೊಟ್ಟೆ, ಒಂದು ನೆಟ್ಟಗಿನ ಬಾಯಿ ಕೊಡೋಕಾಗ್ಲಿಲ್ವಾ ನಿಂಗೆ?" ಎಂದು ಅವಳು ಅಮ್ಮನನ್ನು ತಮಾಷೆಗೆ ಬೈಯುತ್ತಿದ್ದಳು. ಆ ತಮಾಷೆಯಲ್ಲಿ ಅರ್ಧ ನಿಜವಿದೆ ಎಂಬುದು ತಾಯಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಲಿಪ್‌ಸ್ಟಿಕ್ ಕಂಪನಿಯವರು ಕ್ಯಾಮೆರಾ, ಛತ್ರಿಯಂಥ ದೀಪಗಳನ್ನೆಲ್ಲ ಹೊತ್ತು ಅಂಗಡಿಗೆ ಬಂದರು. ಹೊಸ ಬಣ್ಣಗಳು ಬರಲಿವೆ, ಕೌಂಟರಿನ ಮೇಲೆ ಇಡುವ ಬಣ್ಣದ ಪಟ್ಟಿಗೆ ತುಟಿಯ ಚಿತ್ರ ಬೇಕು, ಮುಖ ಬರುವುದಿಲ್ಲ ಎಂದರು. ಸ್ಟೋರ್ ರೂಮಿನಲ್ಲಿ ಅಂಗಡಿಯ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂರಿಸಿ ಹಚ್ಚಿದರು, ಒರೆಸಿದರು, ತೆಗೆದರು. ರಂಗಿನಕ್ಕನ ಸರದಿ ಬಂದಾಗ ಫೋಟೋದವನು ಬೇಗ ಬಿಡಲಿಲ್ಲ.

"ನಿಮ್ಮ ತುಟಿ ಬಣ್ಣಾನ ಚೆನ್ನಾಗಿ ಹಿಡಿಯುತ್ತೆ ಮೇಡಂ. ಸ್ವಲ್ಪ ಬಾಯಿ ಬಿಡಿ. ನಗ್ಬೇಡಿ, ನಗೋ ಮುಂಚೆ ಇರುತ್ತಲ್ಲ, ಹಾಗೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಅತ್ತರು ಕೌಂಟರಿನ ಹುಡುಗಿಯೂ ನಕ್ಕಳು. ಕೊನೆಗೆ ಎಲ್ಲರಿಗೂ ಒಂದೊಂದು ಲಿಪ್‌ಸ್ಟಿಕ್ ಕೊಟ್ಟು ಹೋದರು. ಮನೆಯಲ್ಲಿ ಹೇಳುವಷ್ಟು ದೊಡ್ಡ ವಿಷಯವೆಂದು ಅವಳಿಗೆ ಅನ್ನಿಸಲೇ ಇಲ್ಲ.

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ದೊಡ್ಡ ಸಿಗ್ನಲ್ಲಿನ ಹತ್ತಿರ ಬಸ್ಸಿಳಿದು ತಲೆಯೆತ್ತಿದಳು. ನಾಲ್ಕು ಮಹಡಿಯ ಕಟ್ಟಡವನ್ನೇ ಮುಚ್ಚುವಂಥ ಜಾಹೀರಾತು ಏರಿಸಿದ್ದರು. ಆ ವರ್ಷ ಎಲ್ಲಿ ನೋಡಿದರೂ ಕಾಣುತ್ತಿದ್ದ ನಟಿ, ಅರ್ಧ ಮುಖ ನೆರಳಿನಲ್ಲಿ, ಕೈಯಲ್ಲಿ ಲಿಪ್‌ಸ್ಟಿಕ್. ಕೆಳಗೆ ಬಣ್ಣದ ಹೆಸರು, 'ಮುಸ್ಸಂಜೆ'. ಚಿತ್ರದಲ್ಲಿ ಬೆಳಕೆಲ್ಲ ಬಿದ್ದದ್ದು ಬಾಯಿಯ ಮೇಲೆ. ಬಸ್ಸಿನಷ್ಟು ಅಗಲದ ಬಾಯಿ.

ಎಡಗಡೆಯ ಏರು ಎತ್ತರ. ಬಲಗಡೆಯದು ತಗ್ಗು. ಕೆಳತುಟಿಯಲ್ಲಿ ಬಲಕ್ಕೆ ಸರಿದ ಗೀರು.

ರಂಗಿನಕ್ಕನಿಗೆ ಯಾರೋ ಹಿಂದಿನಿಂದ ಬಂದು ಬಾಯಿಯ ಮೇಲೆ ಕೈಯಿಟ್ಟಂತೆ ಅನ್ನಿಸಿ ತನಗೇ ಅರಿಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಡುರಸ್ತೆಯಲ್ಲಿ ಮೈಮೇಲಿನ ಬಟ್ಟೆ ಜಾರಿದರೆ ಆಗುವಂಥ ನಾಚಿಕೆ. ಸುತ್ತ ನೋಡಿದಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ, ಎಲ್ಲರೂ ಮೇಲೆ ನೋಡುತ್ತಿದ್ದರು. ಪಕ್ಕದಲ್ಲಿ ನಿಂತಿದ್ದವನೊಬ್ಬ ಗೆಳೆಯನಿಗೆ, "ಏನ್ ಬಾಯಿ ಗುರೂ!" ಎಂದ. ಅಂಗಡಿಗೆ ಹೇಗೆ ನಡೆದು ಹೋದಳೋ ಅವಳಿಗೇ ನೆನಪಿಲ್ಲ.

ಅಂಗಡಿಯಲ್ಲಿ ಯಾರಾದರೂ ಗುರುತಿಸಿಯಾರು ಎಂದುಕೊಂಡಿದ್ದಳು. ಅತ್ತರು ಕೌಂಟರಿನ ಹುಡುಗಿ ಓಡಿ ಬಂದು, "ಅಕ್ಕಾ, ಬೋರ್ಡ್ ನೋಡಿದ್ರಾ? ಎಂಥಾ ಚಂದ ಅಲ್ವಾ ಅವಳು?" ಎಂದಳು. ರಂಗಿನಕ್ಕನ ಮುಖಕ್ಕೆ ಮುಖ ಕೊಟ್ಟೇ ಹೇಳಿದಳು. ಕಣ್ಣೆದುರಿಗಿದ್ದದ್ದು ಕಾಣಲಿಲ್ಲ.

ಸಂಜೆ ಮನೆಗೆ ಹೋದರೆ ಮಗಳು ಕನ್ನಡಿಯ ಮುಂದೆ ಕುಣಿಯುವುದೊಂದು ಬಾಕಿ. "ಅಮ್ಮಾ, ನೋಡಿದ್ಯಾ? ಅವಳ ತುಟಿ ನನ್ನ ಥರಾನೇ ಇದೆ! ಕ್ಲಾಸಲ್ಲಿ ಪೆನ್ಸಿಲ್ ಗೆರೆ ಅಳಿಸಿ ತೋರಿಸ್ದೆ, ಎಲ್ಲಾರೂ ನನ್ನ ಬಾಯಿ ನೋಡಿದ್ದೇ ನೋಡಿದ್ದು. ಒಬ್ಬಳಂತೂ ಪೆನ್ಸಿಲ್ ತಂದು, ನಂಗೂ ಎಡಗಡೆ ಎತ್ತರ ಮಾಡಿಕೊಡು ಅಂದ್ಳು."

"ಅದು ಅವಳ ತುಟಿ ಅಲ್ಲ ಕಣೇ," ಎಂದಳು ತಾಯಿ. "ನಂದು. ಆವಾಗೊಮ್ಮೆ ಕಂಪನಿಯವರು ಅಂಗಡಿಗೆ ಬಂದು ನಮ್ಮೆಲ್ಲರ ತುಟಿ ಫೋಟೋ ತಕ್ಕೊಂಡು ಹೋಗಿದ್ರು, ಅದು."

ಮಗಳು ತಿರುಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಮ್ಮಾ, ಪ್ಲೀಸ್. ಹೊರಗಡೆ ಎಲ್ಲೂ ಹೀಗೆ ಹೇಳ್ಬೇಡ. ಅತ್ತೆ ಮಾವ ಎಲ್ಲ ಸೇರಿದ್ದಾಗಂತೂ ಹೇಳಲೇಬೇಡ."

ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ರಂಗಿನಕ್ಕ ಜನರಿಗೆ ಎಷ್ಟೋ ಸಲ ಹೇಳಿದ್ದಳು. ಅದು ತನ್ನ ಮನೆಯಲ್ಲಿ, ತನ್ನ ಮುಖದ ಮೇಲೆಯೇ ನಿಜವಾಗುತ್ತದೆ ಎಂದು ಅಂದುಕೊಂಡಿರಲಿಲ್ಲ. ಮಗಳು ಸಮ ಮಾಡುವ ಪೆನ್ಸಿಲನ್ನು ಆವತ್ತೇ ಬಿಟ್ಟಳು. ಇಷ್ಟು ವರ್ಷ ಬಚ್ಚಿಟ್ಟ ಎಡಗಡೆಯ ಏರನ್ನು ಈಗ ಇನ್ನೂ ಎತ್ತರ ಮಾಡಿಕೊಂಡು ತಲೆಯೆತ್ತಿ ನಡೆಯತೊಡಗಿದಳು. ಆ ಖುಷಿಯನ್ನು ನೋಡಿ ತಾಯಿ ಬಾಯಿಗೆ ಬೀಗ ಹಾಕಿಕೊಂಡಳು. ಗಂಡನಿಗೆ ಹೇಳುವುದೇ? ಸಿಟಿ ಬಸ್ಸು ಓಡಿಸಿ ಮನೆಗೆ ಬಂದರೆ ತಟ್ಟೆಯಿಂದ ತಲೆಯೆತ್ತದ ಮನುಷ್ಯ. ಹುಡುಗಿಯೇ ನಂಬದ್ದನ್ನು ಅವನು ನಂಬುತ್ತಾನೆಯೇ ಎಂದು ಸುಮ್ಮನಾದಳು.

'ಮುಸ್ಸಂಜೆ' ಬಂದದ್ದೇ ಬಂದದ್ದು, ಕೌಂಟರಿಗೆ ಜನ ಮುಗಿಬಿದ್ದರು. ಎಲ್ಲರಿಗೂ ಆ ಬಾಯಿ ಬೇಕು. ರಂಗಿನಕ್ಕ ಒಬ್ಬೊಬ್ಬರ ಗಲ್ಲ ಹಿಡಿದು, ಅವರಿಗೆ ಹುಟ್ಟಿನಿಂದ ಬಂದ ಸಮನಾದ ಚಂದದ ತುಟಿಯ ಮೇಲೆ ಎಡಗಡೆ ಒಂದು ಏರು ಬರೆಯಬೇಕು. ಬರೆದ ಮೇಲೆ ಅವರು ಕನ್ನಡಿ ನೋಡಿ, "ಅವಳಿಗೆ ಕಂಡ ಹಾಗೆ ಕಾಣ್ತಿಲ್ವಲ್ಲ" ಎಂದು ಮುಖ ಸಣ್ಣದು ಮಾಡಬೇಕು. ದಿನವೆಲ್ಲ ಇದೇ ಆಯಿತು.

ಒಬ್ಬಾಕೆ, ಒಳ್ಳೆಯ ಮನೆತನದವಳಂತೆ ಕಾಣುತ್ತಿದ್ದವಳು, ಮೂರು ಸಲ ಒರೆಸಿಸಿ ಮೂರು ಸಲ ಹಚ್ಚಿಸಿಕೊಂಡು ಸಮಾಧಾನವಾಗದೆ ಎದುರಿಗಿದ್ದ ರಂಗಿನಕ್ಕನನ್ನೇ ದಿಟ್ಟಿಸಿದಳು. ಆ ದಿನಗಳಲ್ಲಿ ಅಂಗಡಿಯವರೆಲ್ಲ ಅದೇ ಬಣ್ಣ ಹಚ್ಚಿಕೊಳ್ಳಬೇಕೆಂದು ಅಪ್ಪಣೆಯಾಗಿತ್ತು.

"ತಪ್ಪು ತಿಳ್ಕೋಬೇಡಿ," ಎಂದಳಾಕೆ, "ನಿಮಗೂ ಇದು ಒಪ್ತಿಲ್ಲ. ಇದೆಲ್ಲ ಅಂಥಾ ಬಾಯಿ ಇರೋರಿಗೇ ಸರಿ ಬಿಡಿ."

ರಂಗಿನಕ್ಕ ಏನೋ ಹೇಳಲು ಹೋಗಿ, ಹೇಳಿದರೆ ಹುಚ್ಚಿ ಎಂದಾರು ಎಂದು ನುಂಗಿಕೊಂಡಳು. ಆಕೆ ಹೋದ ಮೇಲೆ ಹತ್ತಿಯ ಉಂಡೆ ತೆಗೆದುಕೊಂಡು ತನ್ನ ತುಟಿಯನ್ನು ಉರಿಯುವವರೆಗೂ ಉಜ್ಜಿದಳು.

ಅಷ್ಟರಲ್ಲಿ ಸ್ವತಃ ನಟಿಯೇ ಅಂಗಡಿಗೆ ಬರುತ್ತಾಳೆಂದು ಸುದ್ದಿಯಾಯಿತು. ಆ ದಿನ ಮೊದಲನೇ ಮಹಡಿಯಲ್ಲಿ ವೇದಿಕೆ ಹಾಕಿದರು. ಕಾಲೇಜು ಹುಡುಗಿಯರು ಮೆಟ್ಟಿಲುಗಳ ಮೇಲೆಲ್ಲ ಕಿಕ್ಕಿರಿದರು. ರಂಗಿನಕ್ಕನ ಮಗಳು ಬೆಳಿಗ್ಗೆಯೇ ಬಂದು ಮುಂದಿನ ಸಾಲು ಹಿಡಿದಿದ್ದಳು. ನಟಿಯ ಜೊತೆ ಬರಬೇಕಾಗಿದ್ದ ಮೇಕಪ್ಪಿನವನು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ. ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಓಡಿ ಬಂದರು.

"ರಂಗಿನಕ್ಕಾ, ಬೇಗ ಬನ್ನಿ. ಮೇಡಂಗೆ ತುಟಿ ಸರಿ ಮಾಡ್ಬೇಕಂತೆ. ಎಡಗಡೆ ಸ್ವಲ್ಪ ಎತ್ತರ, ಬೋರ್ಡಲ್ಲಿ ಇದೆಯಲ್ಲ, ಹಾಗೇ. ಕೈ ನಡುಗ್ಬಾರದು ನೋಡಿ."

ಮ್ಯಾನೇಜರ ಕೋಣೆಯಲ್ಲಿ ನಟಿ ಒಬ್ಬಳೇ ಕೂತಿದ್ದಳು. ಬೋರ್ಡಿನ ಮೇಲೆ ಕಂಡದ್ದಕ್ಕಿಂತ ಚಿಕ್ಕವಳು, ಹೆಚ್ಚೆಂದರೆ ತನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಕುಡಿದಿಟ್ಟ ಲೋಟದ ಅಂಚಿಗೆ ಬಣ್ಣ ಮೆತ್ತಿತ್ತು. ಕುಡಿಯುವಾಗ ಅಳಿಸಿಹೋದ ಜಾಗದಲ್ಲಿ ಅವಳ ನಿಜವಾದ ತುಟಿ ಕಾಣುತ್ತಿತ್ತು. ಪುಟ್ಟ, ಸಮನಾದ, ಮಗುವಿನಂಥ ತುಟಿ. ರಂಗಿನಕ್ಕನಿಗೆ ಬೋರ್ಡಿನ ಬಾಯಿ ಇವಳದ್ದಲ್ಲ ಎಂದು ಗೊತ್ತಿತ್ತು. ಆದರೆ ಇವಳದ್ದೂ ಇಷ್ಟು ಚಂದವಿದ್ದೀತು ಎಂದು ಯೋಚಿಸಿರಲೇ ಇಲ್ಲ.

ಅವಳು ಗಲ್ಲ ಹಿಡಿದು ಬರೆಯತೊಡಗಿದಳು. ನಟಿ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಆಂಟಿ, ನಿಮ್ಮ ಕೈಗೆ ಎಷ್ಟು ಬೇಗ ಬಂತು! ನಮ್ಮ ಮೇಕಪ್ಪಿನವರು ಪ್ರತಿ ಸಲ ಫೋನಲ್ಲಿ ಫೋಟೋ ನೋಡ್ಕೊಂಡು ಬರೀತಾರೆ."

"ನಿಮ್ಮ ತುಟಿ ಚೆನ್ನಾಗೇ ಇದೆಯಲ್ಲಮ್ಮ," ಎಂದಳು ರಂಗಿನಕ್ಕ ಮೆಲ್ಲಗೆ.

"ಶೂಟಿಂಗ್ ದಿನ ಜ್ವರ ಬಂದು ತುಟಿ ತುಂಬಾ ಗುಳ್ಳೆ ಎದ್ದಿತ್ತು. ಪರ್ವಾಗಿಲ್ಲ, ಆಮೇಲೆ ಸರಿ ಮಾಡ್ತೀವಿ ಅಂದ್ರು. ಏನು ಸರಿ ಮಾಡಿದ್ರು ಅಂತ ನಾನೂ ಬೋರ್ಡ್ ಮೇಲೇ ನೋಡಿದ್ದು. ನಮ್ಮಮ್ಮ ಫೋನ್ ಮಾಡಿ, ಬಾಯಿಗೆ ಏನು ಮಾಡಿಸ್ಕೊಂಡೆ, ಯಾವ ಆಸ್ಪತ್ರೆಗೆ ಹೋಗಿದ್ದೆ ಅಂತ ಒಂದೇ ಸಮ ಅತ್ತರು. ಈಗ ತರಕಾರಿ ತರೋಕೆ ಹೋದ್ರೂ ಇದನ್ನ ಬರ್ಕೊಂಡೇ ಹೋಗ್ಬೇಕು. ಯಾರ ಬಾಯೋ ಏನೋ."

ಹೇಳುತ್ತ ಹೇಳುತ್ತ ಅವಳು ಕಣ್ಣು ಬಿಟ್ಟಳು. ಎದುರಿಗೆ ಒಂದು ಗೇಣು ದೂರದಲ್ಲಿ ರಂಗಿನಕ್ಕನ ಮುಖ. ಅಪ್ಪಣೆಯಂತೆ ಹಚ್ಚಿದ ಮುಸ್ಸಂಜೆ ಬಣ್ಣ. ನಟಿಯ ನೋಟ ಆ ತುಟಿಯ ಮೇಲೆ ಬಿದ್ದು, ಅಲ್ಲೇ ನಿಂತು, ಎಡಗಡೆಯ ಏರಿಗೆ ಹೋಗಿ, ಕೆಳಗಿನ ಗೀರಿಗೆ ಇಳಿಯಿತು. ಅವಳು ರಂಗಿನಕ್ಕನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೀವಾ?"

ರಂಗಿನಕ್ಕ ತಲೆಯಾಡಿಸಿದಳು.

"ಯಾರಿಗಾದ್ರೂ ಹೇಳಿದೀರಾ?"

"ಮಗಳಿಗೆ ಹೇಳ್ದೆ. ನಂಬಲಿಲ್ಲ."

ನಟಿ ತಗ್ಗಿದ ದನಿಯಲ್ಲಿ, "ಹೇಳ್ಬೇಡಿ ಅನ್ನೋ ಹಕ್ಕು ನಂಗಿಲ್ಲ ಆಂಟಿ. ಆದ್ರೂ... ಹೇಳ್ಬೇಡಿ," ಎಂದಳು. ಅಷ್ಟರಲ್ಲಿ ಬಾಗಿಲು ತೆರೆದು ಯಾರೋ ಕರೆದರು. ಅವಳು ಎದ್ದು, ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ಹೊರಟುಹೋದಳು. ರಂಗಿನಕ್ಕನ ಮಣಿಕಟ್ಟಿನ ಮೇಲೆ ಅವಳ ಬೆರಳುಗಳ ಗುರುತು ಬಿಳಿಚಿಕೊಂಡು ಉಳಿದಿತ್ತು.

ವೇದಿಕೆಯ ಮೇಲೆ ಮೈಕು ಹಿಡಿದವನು ಎಲ್ಲರಿಗೂ ಬೇಕಾದ ಪ್ರಶ್ನೆಯನ್ನೇ ಕೇಳಿದ. "ಮೇಡಂ, ಈ ತುಟಿಯ ಗುಟ್ಟೇನು?"

ಬದಿಯ ಪರದೆಯ ಹಿಂದೆ ನಿಂತಿದ್ದ ರಂಗಿನಕ್ಕ ಪರದೆ ಸರಿಸಿ ಇಣುಕಿದಳು. ನಟಿ ಬೋರ್ಡಿನಲ್ಲಿದ್ದಂತೆಯೇ ಬಾಯಿ ಅರೆ ತೆರೆದು ನಕ್ಕಳು.

"ಗುಟ್ಟೇನಿಲ್ಲ. ಇದು ನಮ್ಮಮ್ಮನಿಂದ ಬಂದಿದ್ದು."

ಜನ ಓ ಎಂದು ಕಿರುಚಿ ಚಪ್ಪಾಳೆ ತಟ್ಟಿದರು. ರಂಗಿನಕ್ಕನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಈಗಷ್ಟೇ ಮಣಿಕಟ್ಟು ಹಿಡಿದು ಬೇಡಿಕೊಂಡ ಹುಡುಗಿ ಇವಳೇನಾ? ಇಷ್ಟು ಸಲೀಸಾಗಿ, ಇಷ್ಟು ಸಿಹಿಯಾಗಿ, ಫೋನಿನಲ್ಲಿ ಅತ್ತ ಆ ತಾಯಿಯ ಹೆಸರಲ್ಲೇ! ಅಲ್ಲಿ ನಿಲ್ಲಲಾರದೆ ಅವಳು ಸ್ಟೋರ್ ರೂಮಿಗೆ ಹೋಗಿ ಖಾಲಿ ಡಬ್ಬಗಳ ನಡುವೆ ಕುಳಿತಳು.

ಬಹಳ ಹೊತ್ತಾಗಿರಲಿಲ್ಲ, ಬಾಗಿಲು ತಳ್ಳಿಕೊಂಡು ಮಗಳು ಬಂದಳು. ಗರ ಬಡಿದವಳಂತೆ ಕಾಣುತ್ತಿದ್ದಳು. ಕೈಯಲ್ಲಿ ಫೋನು, ಫೋನಿನಲ್ಲಿ ನಟಿಯ ಜೊತೆ ತೆಗೆಸಿಕೊಂಡ ಫೋಟೋ.

"ಅಮ್ಮಾ. ಫೋಟೋ ತೆಗೆಸ್ಕೊಳ್ಳೋವಾಗ ಅವಳು ನನ್ನ ಬಾಯಿ ನೋಡಿದ್ಲು. ನೋಡಿ, ನಿಮ್ಮಮ್ಮ ಇಲ್ಲೇ ಕೆಲಸ ಮಾಡ್ತಾರಾ ಅಂತ ಕೇಳಿದ್ಲು."

ತಾಯಿ ಬಗ್ಗಿ ಫೋನಿನಲ್ಲಿದ್ದ ಫೋಟೋ ನೋಡಿದಳು.

"ಅವಳಿಗೆ ಹೇಗೆ ಗೊತ್ತು? ಹೇಳು. ನಾನು ಯಾರ ಮಗಳು ಅಂತ ನನ್ನ ಬಾಯಿ ನೋಡಿ ಅವಳಿಗೆ ಹೇಗೆ ಗೊತ್ತಾಯ್ತು?"

ಕೇಳುತ್ತಿದ್ದಂತೆಯೇ ಉತ್ತರ ಅವಳ ಮುಖದ ಮೇಲೆ ಮೂಡತೊಡಗಿತ್ತು. ಬಗ್ಗಿ ಅಮ್ಮನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಹುಟ್ಟಿದಾಗಿನಿಂದ ಕಂಡ ಮುಖ, ಮುತ್ತು ಕೊಟ್ಟ ಬಾಯಿ, ಗದರಿದ ಬಾಯಿ. ಈಗ ಅದನ್ನು ಬೋರ್ಡು ನೋಡುವಂತೆ ನೋಡಿದಳು. "ಅಯ್ಯೋ," ಎಂದಳು. "ಅಯ್ಯೋ ಅಮ್ಮಾ, ನೀನು ಅವತ್ತು ಹೇಳಿದ್ದೆ. ನಾನು ನಕ್ಕಿದ್ದೆ." ಡಬ್ಬಗಳ ನಡುವೆಯೇ ಕುಸಿದು ಕುಳಿತು ಅವಳು ಅಳುವುದಕ್ಕೆ ಶುರುಮಾಡಿದಳು. ಸಮಾಧಾನ ಮಾಡುವ ಕೆಲಸವೂ ತಾಯಿಯ ಪಾಲಿಗೇ ಬಂತು.

ಭಾನುವಾರ ಬೆಳಿಗ್ಗೆ ಮಗಳು ಇದನ್ನು ಅಪ್ಪನಿಗೆ ಹೇಳಿದಳು. ಅವನು ಕಿಟಕಿಗೆ ಕನ್ನಡಿ ಸಿಗಿಸಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಮಗಳು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಅಪ್ಪ ಬ್ಲೇಡು ಕೈಬಿಡುತ್ತಾನೆಂದು ಕಾದಳು. ಅವನು ಕೆನ್ನೆಯ ನೊರೆಯನ್ನು ಒಂದು ಪಟ್ಟಿ ಎಳೆದು ತೆಗೆದು, "ಗೊತ್ತು," ಎಂದ.

ಅಡುಗೆಮನೆಯಲ್ಲಿದ್ದ ರಂಗಿನಕ್ಕ ಸೌಟು ಹಿಡಿದೇ ಹೊರಗೆ ಬಂದಳು. "ಏನ್ ಗೊತ್ತು?"

"ಅದು ನಿನ್ನ ಬಾಯಿ ಅಂತ. ಬೋರ್ಡ್ ಹಾಕಿದ ದಿನಾನೇ ಸಿಗ್ನಲ್ ಹತ್ರ ಬಸ್ ನಿಲ್ಲಿಸಿದಾಗ ನೋಡ್ದೆ. ಹಸಿರು ಬಿದ್ರೂ ಗಾಡಿ ಎತ್ತೋಕಾಗ್ಲಿಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆದು, ಕುಲ ಗೋತ್ರ ಎಲ್ಲ ಎತ್ತಿ ಬೈದ್ರು. ಕಂಡಕ್ಟರ್ ಬಂದು, ಅಣ್ಣ ಹುಷಾರಿದೀಯಾ ಅಂತ ಮೈ ಮುಟ್ಟಿ ನೋಡ್ದ."

ಬೋರ್ಡು ಕಂಡ ದಿನವೂ ರಂಗಿನಕ್ಕ ಇಷ್ಟು ಬೆಚ್ಚಿರಲಿಲ್ಲ. ತಿಂಗಳುಗಟ್ಟಲೆ ತಾನೊಬ್ಬಳೇ ಹೊತ್ತು ತಿರುಗಿದ್ದೇನೆ ಎಂದುಕೊಂಡ ಗುಟ್ಟನ್ನು, ತಟ್ಟೆಯಿಂದ ತಲೆಯೆತ್ತದ ಈ ಮನುಷ್ಯ ದಿನಾ ಬಸ್ಸಿನಲ್ಲಿ ಬೋರ್ಡಿನ ಅಡಿಯಿಂದ ನೋಡುತ್ತ ಹಾದುಹೋಗಿದ್ದ.

"ಗೊತ್ತಿದ್ದೂ ಸುಮ್ನಿದ್ರಾ?" ಅವಳ ದನಿ ಏರಿತು. "ನಾನಿಲ್ಲಿ ಹುಚ್ಚು ಹಿಡಿದವಳ ಹಾಗೆ ಒದ್ದಾಡ್ತಿದ್ದೆ. ಒಂದು ಮಾತು ಕೇಳೋಕೇನಾಗಿತ್ತು?"

"ನೀನೇ ಹೇಳ್ಲಿಲ್ವಲ್ಲ. ಹೇಳದೇ ಫೋಟೋ ಕೊಟ್ಟಿದ್ದಾಳೆ, ನನಗೆ ಗೊತ್ತಾಗೋದು ಇವಳಿಗೆ ಇಷ್ಟ ಇಲ್ಲ ಅಂದ್ಕೊಂಡೆ." ಅವನು ಬ್ಲೇಡು ತೊಳೆದ. "ಬಾಯಿ ಬಿಟ್ರೆ ಬಣ್ಣಗೇಡು ಅಂತ ನಾನೂ ಸುಮ್ನಾದೆ."

"ಇಷ್ಟು ಜನ ನೋಡಿದ್ರು. ನನ್ನ ಹೊಟ್ಟೇಲಿ ಹುಟ್ಟಿದವಳಿಗೇ ಗುರುತು ಸಿಗಲಿಲ್ಲ. ನಿಮಗೆ ಹೇಗೆ ಸಿಕ್ತು?"

ಅವನು ಮತ್ತೆ ಕನ್ನಡಿಗೆ ತಿರುಗಿದ. ಉಳಿದ ನೊರೆಯ ಮೇಲುಗಡೆ ಅವನ ಕಿವಿ ಕೆಂಪಾದದ್ದನ್ನು ಮಗಳು ನೋಡಿ, ಮೆತ್ತಗೆ ಬೇರೆ ಕೋಣೆಗೆ ಹೋದಳು.

ಆಮೇಲಿನದು ಹೆಚ್ಚೇನಿಲ್ಲ. ಮಗಳು ಅಮ್ಮನ ಬಾಯಿಯ ಫೋಟೋವನ್ನೂ ಬೋರ್ಡಿನ ಫೋಟೋವನ್ನೂ ಜೋಡಿಸಿ ಊರಿಗೆಲ್ಲ ತೋರಿಸುತ್ತೇನೆಂದು ಹಟ ಹಿಡಿದಳು. ರಂಗಿನಕ್ಕ ಬೇಡವೆಂದಳು. ಆ ನಟಿಯ ಸುಳ್ಳನ್ನು ಅವಳು ಕ್ಷಮಿಸಿರಲಿಲ್ಲ, ಆದರೆ ಮಣಿಕಟ್ಟು ಹಿಡಿದ ಆ ಬೆರಳುಗಳನ್ನು ಮರೆಯಲೂ ಆಗಿರಲಿಲ್ಲ. ಮ್ಯಾನೇಜರಿಗೆ ಮಾತ್ರ ಹೇಳಿದಳು. ಅವರು ಬೋರ್ಡಿನ ಚಿತ್ರವನ್ನೂ ಅವಳನ್ನೂ ಒಂದಿಷ್ಟು ಹೊತ್ತು ತಾಳೆ ನೋಡಿ, "ಹೋಲಿಕೆ ಇದೆಯಪ್ಪ," ಎಂದರು. ಕಂಪನಿಯವರನ್ನು ಕೇಳಿದರಂತೆ. ಕೇಳಿಯೇ ತೆಗೆದ ಫೋಟೋ, ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು ಎಂದರಂತೆ. ಅಲ್ಲಿಗೆ ಮುಗಿಯಿತು. ಮಗಳು ಈಗ ಕೆಲವು ದಿನ ಬಣ್ಣ ಹಚ್ಚುತ್ತಾಳೆ, ಕೆಲವು ದಿನ ಇಲ್ಲ. ಏರನ್ನು ತಗ್ಗಿಸುವುದೂ ಇಲ್ಲ, ಎತ್ತರ ಮಾಡುವುದೂ ಇಲ್ಲ.

ರಂಗಿನಕ್ಕನಿಗೆ ಮಾತ್ರ ಒಂದು ಹೊಸ ಕಾಯಿಲೆ ಅಂಟಿಕೊಂಡಿತು. ರಸ್ತೆಯಲ್ಲಿ ಯಾವ ಜಾಹೀರಾತು ಕಂಡರೂ ಕಾಲು ನಿಲ್ಲುತ್ತದೆ. ಶಾಂಪೂವಿನ ಹುಡುಗಿಯ ಕೂದಲು ಯಾರದ್ದೋ, ಬಳೆಯ ಅಂಗಡಿಯ ಕೈ ಯಾರ ಮನೆಯದ್ದೋ, ಅವರ ಮಕ್ಕಳಿಗಾದರೂ ಗುರುತು ಸಿಕ್ಕಿತೋ ಇಲ್ಲವೋ ಎಂದು ಯೋಚಿಸುತ್ತ ಬಸ್ಸು ತಪ್ಪಿಸಿಕೊಂಡದ್ದೂ ಉಂಟು. ಮೊನ್ನೆ ಸಿಗ್ನಲ್ಲಿನಲ್ಲಿ ಹಳೆಯದನ್ನು ಕಿತ್ತು ಹೊಸದನ್ನು ಏರಿಸಿದರು. ಬೇರೆ ನಟಿ, ಮುಖಕ್ಕೆ ಹಚ್ಚುವ ಯಾವುದೋ ಕ್ರೀಮು. ರಂಗಿನಕ್ಕ ಇನ್ನೂ ಅದನ್ನು ನೋಡಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗಂಡನೇ ತಟ್ಟೆಯಿಂದ ತಲೆಯೆತ್ತಿ ಹೇಳಿದ:

"ಹೊಸ ಬೋರ್ಡ್ ಬಂದಿದೆ. ಪೂರ್ತಿ ನೋಡ್ದೆ. ಈ ಸಲ ನಿಂದೇನೂ ಇಲ್ಲ."